ತುಕ್ಕು ನೆನಪಿಟ್ಟುಕೊಂಡ ಕತೆ

ಮನೆಯ ಅಟ್ಟದಲ್ಲೋ ಹಳೆಯ ಟ್ರಂಕಿನಲ್ಲೋ ಒಂದೆರಡು ಕ್ಯಾಸೆಟ್ಟುಗಳು ಇನ್ನೂ ಬಿದ್ದಿರಬಹುದು. ಯಾವುದೋ ತಾಳಮದ್ದಳೆ, ಸೋದರತ್ತೆ ಹಾಡಿದ ಸೋಬಾನೆ ಪದ, ಮಗುವಿನ ಮೊದಲ ತೊದಲು ಮಾತು. ಒಂದನ್ನು ತೆಗೆದು ಅದರ ರಿಬ್ಬನ್ನನ್ನು ಬೆಳಕಿಗೆ ಹಿಡಿದು ನೋಡಿ. ಕಂದು ಬಣ್ಣ. ಅದನ್ನು ಯಾರೂ ಅಂದಕ್ಕಾಗಿ ಬಳಿದದ್ದಲ್ಲ. ಅದು ಕಬ್ಬಿಣದ ಆಕ್ಸೈಡು, ಗೇಟಿನ ಸರಳಿಗೆ ಹಿಡಿಯುವ ತುಕ್ಕಿನ ಒಡಹುಟ್ಟು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕೂದಲೆಳೆಯ ಹತ್ತನೆಯ ಒಂದು ಪಾಲಿಗಿಂತಲೂ ತೆಳುವಾಗಿ ಕುಳಿತ ಈ ಪುಡಿಯೇ ಅತ್ತೆಯ ದನಿಯನ್ನು ಹಿಡಿದಿಟ್ಟುಕೊಂಡಿರುವುದು.

ಅಯಸ್ಸು ಎಂದರೆ ಕಬ್ಬಿಣ, ಕಾಂತ ಎಂದರೆ ಪ್ರಿಯ. ಕಬ್ಬಿಣಕ್ಕೆ ಪ್ರಿಯವಾದದ್ದು ಅಯಸ್ಕಾಂತ. ಮನುಷ್ಯ ಮೊದಲು ಕಂಡ ಅಯಸ್ಕಾಂತ ಲೋಹವಲ್ಲ, ಕಲ್ಲು. ಸೂಜಿಗಲ್ಲು ಎಂದು ನಾವು ಕರೆಯುವ ಮ್ಯಾಗ್ನಟೈಟ್ ಕಬ್ಬಿಣ ಮತ್ತು ಆಮ್ಲಜನಕ ಸೇರಿ ಆದದ್ದು. ಕುದುರೆಮುಖದ ಗುಡ್ಡಗಳಲ್ಲಿದ್ದ ಅದಿರು ಇದೇ ಜಾತಿಯದು. 2005ರ ಕೊನೆಯಲ್ಲಿ ಗಣಿ ನಿಲ್ಲುವವರೆಗೂ ಅದನ್ನು ಅರೆದು, ಅಯಸ್ಕಾಂತದಿಂದ ಆರಿಸಿ, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು.

ಹಾಗಾದರೆ ಎಲ್ಲ ತುಕ್ಕೂ ಅಯಸ್ಕಾಂತವೇ? ಅಲ್ಲ. ಗೋಡೆಗೆ ಬಳಿಯುವ ಜಾಜಿನಲ್ಲಿರುವ ಕೆಂಪು ಆಕ್ಸೈಡಿನಲ್ಲಿಯೂ ಟೇಪಿನ ಕಂದು ಆಕ್ಸೈಡಿನಲ್ಲಿಯೂ ಎರಡು ಪಾಲು ಕಬ್ಬಿಣ, ಮೂರು ಪಾಲು ಆಮ್ಲಜನಕ. ಅಡಿಗೆಯ ಸಾಮಾನು ಒಂದೇ, ಜೋಡಿಸಿದ ಕ್ರಮ ಬೇರೆ. ಪ್ರತಿಯೊಂದು ಕಬ್ಬಿಣದ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಕೆಂಪು ಆಕ್ಸೈಡಿನಲ್ಲಿ ಅವು ಅರ್ಧ ಈ ಕಡೆಗೆ, ಅರ್ಧ ಆ ಕಡೆಗೆ ಮುಖ ಮಾಡಿ ಒಂದರ ಬಲವನ್ನು ಇನ್ನೊಂದು ಅಳಿಸಿಬಿಡುತ್ತವೆ. ಕಂದು ಆಕ್ಸೈಡಿನಲ್ಲಿ ಎಂಟು ಪರಮಾಣುಗಳಿದ್ದರೆ ಐದು ಒಂದು ಕಡೆ, ಮೂರು ಎದುರು ಕಡೆ. ಹಗ್ಗಜಗ್ಗಾಟದಲ್ಲಿ ಒಂದು ಬದಿಗೆ ಇಬ್ಬರು ಹೆಚ್ಚಾದಂತೆ. ಆ ಹೆಚ್ಚಿನ ಎರಡರ ಬಲವೇ ನಮಗೆ ದಕ್ಕುವ ಕಾಂತತ್ವ. ಈ ಅಸಮ ಜಗ್ಗಾಟವನ್ನು 1948ರಲ್ಲಿ ವಿವರಿಸಿದವರು ಫ್ರಾನ್ಸಿನ ಲೂಯಿ ನೀಲ್. 1970ರಲ್ಲಿ ಅವರಿಗೆ ನೊಬೆಲ್ ಬಂತು.

ನೆನಪಿಡಲು ಇಷ್ಟು ಸಾಲದು. ನೂಕಿದಾಗ ತಿರುಗಬೇಕು, ನೂಕುವುದು ನಿಂತಮೇಲೆ ತಿರುಗಿದಂತೆಯೇ ಇರಬೇಕು. ಅದಕ್ಕಾಗಿ ಕಂದು ಪುಡಿಯನ್ನು ಸೂಜಿಯಾಕಾರದ ಕಣಗಳಾಗಿ ತಯಾರಿಸುತ್ತಾರೆ. ಸೂಜಿ ತನ್ನ ಉದ್ದಕ್ಕೆ ಮಾತ್ರ ಕಾಂತತ್ವವನ್ನು ಇಟ್ಟುಕೊಳ್ಳಬಯಸುತ್ತದೆ. ತಲೆ ಈ ತುದಿಗೆ ಅಥವಾ ಆ ತುದಿಗೆ. ನಡುವೆ ನಿಲ್ಲುವುದಿಲ್ಲ.

ಕಾಂತೀಯ ಪುಡಿಯನ್ನು ಪಟ್ಟಿಗೆ ಅಂಟಿಸಿದವನು ಜರ್ಮನಿಯಲ್ಲಿದ್ದ ಫ್ರಿಟ್ಸ್ ಫ್ಲಾಯ್ಮರ್, 1928ರಲ್ಲಿ. ಸಿಗರೇಟಿನ ತುದಿಯ ಕಾಗದಕ್ಕೆ ಬಂಗಾರದ ಬಣ್ಣದ ಪುಡಿ ಹಚ್ಚುವ ಕಸುಬು ಅವನಿಗೆ ಗೊತ್ತಿತ್ತು. ಅದೇ ಉಪಾಯದಿಂದ ಕಾಗದಕ್ಕೆ ಕಾಂತೀಯ ಪುಡಿ ಹಚ್ಚಿದ. ಮುಂದೆ ಅಮೆರಿಕದ ಐಬಿಎಂ ಕಂಪನಿ ಇದೇ ಬಗೆಯ ಬಣ್ಣವನ್ನು ಅಲ್ಯುಮಿನಿಯಂ ತಟ್ಟೆಗಳಿಗೆ ಬಳಿದು, 1956ರಲ್ಲಿ ಮೊದಲ ಡಿಸ್ಕ್ ಯಂತ್ರವನ್ನು ಹೊರತಂದಿತು. ಎರಡಡಿ ಅಗಲದ ಐವತ್ತು ತಟ್ಟೆಗಳು. ಹಿಡಿದದ್ದು 50 ಲಕ್ಷ ಅಕ್ಷರ. ಬಣ್ಣವನ್ನು ಸಮನಾಗಿ ಹರಡುವುದೇ ದೊಡ್ಡ ತಲೆನೋವಾಗಿತ್ತು. ಜೇಕಬ್ ಹಗೋಪಿಯನ್ ಎಂಬ ಎಂಜಿನಿಯರು ಬಣ್ಣವನ್ನು ಹೆಂಗಸರ ತೆಳು ಕಾಲುಚೀಲದಲ್ಲಿ ಸೋಸಿ, ಕಾಗದದ ಲೋಟದಿಂದ ತಿರುಗುವ ತಟ್ಟೆಯ ನಡುವಿಗೆ ಸುರಿದರು. ತಿರುಗುವ ರಭಸಕ್ಕೆ ಬಣ್ಣ ಅಂಚಿನವರೆಗೆ ತೆಳ್ಳಗೆ ಹರಡಿಕೊಂಡಿತು. ಕಾವಲಿಯ ಮೇಲೆ ಹಿಟ್ಟು ಹೊಯ್ದು ದೋಸೆ ತೆಳುವಾಗಿಸುವವರಿಗೆ ಇದೇನೂ ಹೊಸದಲ್ಲ ಎನ್ನಿ!

ಡಿಸ್ಕು ಗಣಕದ ಉಗ್ರಾಣ. ಕೆಲಸ ಮಾಡುವಾಗ ಕೈಗೆಟಕುವಂತೆ ಇಟ್ಟುಕೊಳ್ಳುವ ನೆನಪು ಬೇರೆ. ಅಲ್ಲಿಯೂ ಬಹುಕಾಲ ಆಕ್ಸೈಡೇ ಇತ್ತು, ಫೆರೈಟ್ ಎಂಬ ಹೆಸರಿನಲ್ಲಿ. ಕಬ್ಬಿಣದ ಆಕ್ಸೈಡಿಗೆ ಬೇರೆ ಲೋಹಗಳ ಆಕ್ಸೈಡು ಬೆರೆಸಿ ಸುಟ್ಟ, ಪಿಂಗಾಣಿಯಂಥ ಪುಟ್ಟ ಉಂಗುರಗಳು. ಲೋಹದಲ್ಲಿ ಕಾಂತತ್ವವನ್ನು ಬೇಗಬೇಗ ತಿರುಗಿಸಿದರೆ ಒಳಗೇ ವಿದ್ಯುತ್ ಸುಳಿದಾಡಿ ಬಿಸಿಯಾಗುತ್ತದೆ. ಫೆರೈಟಿನಲ್ಲಿ ವಿದ್ಯುತ್ ಹರಿಯುವುದು ಬಲು ಕಷ್ಟವಾದ್ದರಿಂದ ಆ ತೊಂದರೆ ಇಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಕಟ್ಟಿದ ಟಿಫ್ರಾಕ್ ಗಣಕದಲ್ಲಿ ಇಂಥದೇ ಉಂಗುರಗಳಿದ್ದವು. ಅದಕ್ಕೆ ಆ ಹೆಸರಿಟ್ಟವರು ನೆಹರೂ, 1962ರಲ್ಲಿ. ತಲಾ 40 ಬಿಟ್ಟಿನ 2048 ಪದಗಳು. ಬಿಟ್ಟಿಗೊಂದು ಉಂಗುರದಂತೆ ಲೆಕ್ಕ ಹಾಕಿದರೆ ಸುಮಾರು 82 ಸಾವಿರ ಉಂಗುರ. ಮಣಿ ಪೋಣಿಸುವಂತೆ ಪ್ರತಿಯೊಂದರ ಒಳಗೂ ತಂತಿ ಹಾಯಿಸಬೇಕು. ಇಂದಿನ ಯುನಿಕೋಡ್ ಕ್ರಮದಲ್ಲಿ ಬರೆದರೆ ಅಷ್ಟೂ ಉಂಗುರಗಳಲ್ಲಿ ಈ ಲೇಖನದ ಅರ್ಧ ಹಿಡಿಸುವುದೂ ಕಷ್ಟ. ಆದರೆ ಒಂದು ಗುಣವಿತ್ತು: ವಿದ್ಯುತ್ ಹೋದರೂ ಉಂಗುರಗಳು ಮರೆಯುತ್ತಿರಲಿಲ್ಲ.

1970ರ ದಶಕದಲ್ಲಿ ಸಿಲಿಕಾನ್ ಚಿಪ್ಪುಗಳು ಬಂದು ಉಂಗುರಗಳನ್ನು ಮೂಲೆಗೆ ಸರಿಸಿದವು. ಅಗ್ಗ, ಚಿಕ್ಕದು, ಚುರುಕು. ಆದರೆ ಮರೆವಿನ ರೋಗ. ಅದರಲ್ಲಿ ಬಿಟ್ಟು ಎಂದರೆ ಸೋರುವ ಕೊಡದಲ್ಲಿ ತುಂಬಿಟ್ಟ ವಿದ್ಯುದಂಶ. ಸೆಕೆಂಡಿಗೆ ಹತ್ತಾರು ಸಲ ಮತ್ತೆ ತುಂಬುತ್ತಿರಬೇಕು. ಮೂರು ತಾಸು ಕೂತು ಬೆರಳಚ್ಚಿಸಿದ್ದು ಕರೆಂಟು ಹೋದ ಒಂದು ಕ್ಷಣದಲ್ಲಿ ಮಾಯವಾದ ದುಃಖ ಈ ಬರಹಗಾರನಿಗೂ ಗೊತ್ತು. ಇತ್ತ ಡಿಸ್ಕುಗಳಲ್ಲೂ ತುಕ್ಕಿನ ಬಣ್ಣ ಹೋಗಿ ಕೋಬಾಲ್ಟ್ ಮಿಶ್ರಲೋಹದ ತೆಳುಪದರ ಬಂತು. ಆಕ್ಸೈಡಿನ ಕಾಲ ಮುಗಿಯಿತು ಎನಿಸಿತ್ತು.

ಅದು ಮರಳಿ ಬಂದದ್ದು ಬೇರೆಯೇ ವೇಷದಲ್ಲಿ. ಎರಡು ಕಾಂತೀಯ ಲೋಹದ ಪದರಗಳ ನಡುವೆ ವಿದ್ಯುತ್ ಹರಿಯಗೊಡದ ಆಕ್ಸೈಡಿನ ಒಂದು ಪೊರೆ ಇಡಿ. ದಪ್ಪ ಒಂದು ನ್ಯಾನೋಮೀಟರಿನ ಆಸುಪಾಸು, ಎಂದರೆ ಕೆಲವೇ ಪರಮಾಣುಗಳಷ್ಟು. ಇಷ್ಟು ತೆಳುವಾದಾಗ ಎಲೆಕ್ಟ್ರಾನುಗಳು ಗೋಡೆ ಹತ್ತದೆಯೇ ಆಚೆ ನುಸುಳುತ್ತವೆ. ಎರಡೂ ಪದರಗಳ ಕಾಂತತ್ವ ಒಂದೇ ದಿಕ್ಕಿಗಿದ್ದರೆ ಹೆಚ್ಚು ನುಸುಳುತ್ತವೆ, ಎದುರುಬದುರಾಗಿದ್ದರೆ ಕಡಿಮೆ. ಹೆಚ್ಚು ಎಂದರೆ ಸೊನ್ನೆ, ಕಡಿಮೆ ಎಂದರೆ ಒಂದು. ವಿದ್ಯುತ್ ಹೋದರೂ ಪದರದ ದಿಕ್ಕು ಬದಲಾಗದು. ಗಮನಿಸಿ, ಇಲ್ಲಿ ಆಕ್ಸೈಡು ಅಯಸ್ಕಾಂತವಲ್ಲ, ಬಾಗಿಲು ಕಾಯುವವನು.

ಫ್ರಾನ್ಸಿನ ಜೂಲಿಯೇರ್ 1975ರಲ್ಲೇ ಇದನ್ನು ಕಡುಶೀತದಲ್ಲಿ ತೋರಿಸಿದ್ದರು. ಕೋಣೆಯ ಉಷ್ಣತೆಯಲ್ಲಿ ಒಳ್ಳೆಯ ಫಲ ಸಿಗಲು ಇಪ್ಪತ್ತು ವರ್ಷ ಬೇಕಾಯಿತು. ಪೊರೆಯಲ್ಲಿ ಒಂದು ಸೂಜಿಮೊನೆಯ ತೂತಿದ್ದರೂ ಎಲೆಕ್ಟ್ರಾನುಗಳೆಲ್ಲ ಅಲ್ಲಿಂದಲೇ ನುಗ್ಗಿ ಆಟ ಕೆಡುತ್ತಿತ್ತು. 1995ರಲ್ಲಿ ಎಂಐಟಿಯಲ್ಲಿದ್ದ ಜಗದೀಶ್ ಮೂಡೇರ ಮತ್ತು ಸಂಗಡಿಗರು ಅಲ್ಯುಮಿನಿಯಮ್ಮಿನ ತೆಳುಪದರವನ್ನು ಆಕ್ಸೈಡಾಗಿಸಿ ತೂತಿಲ್ಲದ ಪೊರೆ ಮಾಡಿದರು. ಕೋಣೆಯ ಉಷ್ಣತೆಯಲ್ಲಿ ಸಿಕ್ಕ ವ್ಯತ್ಯಾಸ ಶೇಕಡ 11.8. ಜಪಾನಿನ ಮಿಯಾಝಾಕಿಯವರೂ ಅದೇ ವರ್ಷ ಗೆದ್ದರು. ಮೂಡೇರ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದವರು ಎಂಬುದನ್ನು ನಾವು ಇನ್ನಷ್ಟು ಗಟ್ಟಿಯಾಗಿ ಹೇಳಿಕೊಳ್ಳಬಹುದಿತ್ತು. ಅವರ ಪೊರೆಯ ವಸ್ತು ನಿಮ್ಮ ಅಡಿಗೆಮನೆಯಲ್ಲೂ ಇದೆ: ಅಲ್ಯುಮಿನಿಯಂ ಪಾತ್ರೆ ಕಬ್ಬಿಣದಂತೆ ತುಕ್ಕು ತಿಂದು ಉದುರದಿರುವುದು ಅದರ ಮೈಮೇಲೆ ತಾನಾಗಿ ಕೂರುವ ಇಂಥದೇ ಆಕ್ಸೈಡಿನಿಂದ.

ಆ ಪೊರೆಯಲ್ಲಿ ಪರಮಾಣುಗಳು ಸಂತೆಯ ಜನದಂತೆ ಅಡ್ಡಾದಿಡ್ಡಿ. ಸಾಲಾಗಿ ನಿಲ್ಲುವ ಮೆಗ್ನೀಸಿಯಂ ಆಕ್ಸೈಡನ್ನು ಬಳಸಿದರೆ ವ್ಯತ್ಯಾಸ ಬಹಳ ಹೆಚ್ಚಬೇಕೆಂದು 2001ರಲ್ಲಿ ಸಿದ್ಧಾಂತಿಗಳು ಲೆಕ್ಕ ಹಾಕಿದರು. 2004ರಲ್ಲಿ ಅಮೆರಿಕದ ಪಾರ್ಕಿನ್ ಮತ್ತು ಜಪಾನಿನ ಯುವಾಸಾ ತಂಡಗಳು ಶೇಕಡ 200ರ ಆಸುಪಾಸು ಮುಟ್ಟಿದವು. ಉಕ್ಕಿನ ಕುಲುಮೆಯ ಇಟ್ಟಿಗೆಗೆ ಬಳಸುವ ಪದಾರ್ಥ ಹಾರ್ಡ್‌ಡಿಸ್ಕಿನ ಓದುವ ಮುಳ್ಳಿಗೆ ಬಂದದ್ದು ಹೀಗೆ. ಈ ಬಗೆಯ ನೆನಪಿನ ಚಿಪ್ಪು 2006ರಲ್ಲಿ ಮಾರುಕಟ್ಟೆಗೂ ಬಂತು, ಅಲ್ಯುಮಿನಿಯಂ ಆಕ್ಸೈಡಿನದು, 40 ಲಕ್ಷ ಬಿಟ್ಟಿನದು. ಮರೆತರೆ ಅಪಾಯವಾಗುವ ಕಡೆ, ವಿಮಾನ, ಉಪಗ್ರಹ, ಕಾರ್ಖಾನೆಯ ಯಂತ್ರಗಳಲ್ಲಿ ಅದಕ್ಕೆ ಕೆಲಸ ಸಿಕ್ಕಿದೆ. ಮೇಜಿನ ಗಣಕದಿಂದ ಸೋರುವ ಕೊಡವನ್ನು ಅದು ಓಡಿಸಿಲ್ಲ. ಬೆಲೆ ಹೆಚ್ಚು, ಅಷ್ಟೇ ಜಾಗದಲ್ಲಿ ಹಿಡಿಯುವುದು ಕಡಿಮೆ.

ಮತ್ತೆ ಅಟ್ಟದ ಕ್ಯಾಸೆಟ್ಟಿಗೆ ಬರೋಣ. ಕಾಲ ಕಳೆದಂತೆ ಹಾಡು ಕೆಡುವುದು ಹೆಚ್ಚಾಗಿ ಆಕ್ಸೈಡಿನ ತಪ್ಪಿನಿಂದಲ್ಲ. ಸೂಜಿಕಣಗಳು ಅಂದು ತಿರುಗಿದ ಕಡೆಗೇ ಇರುತ್ತವೆ. ಅವುಗಳನ್ನು ಪ್ಲಾಸ್ಟಿಕ್ಕಿಗೆ ಹಿಡಿದಿಟ್ಟ ಅಂಟು ತೇವ ಹೀರಿ ಸಡಿಲಾಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ರಿಬ್ಬನ್ನಿನ ಮೇಲೆ ಬಿಳಿ ಬೂಷ್ಟು ಬೇರೆ. ಅಂಥ ಕ್ಯಾಸೆಟ್ಟನ್ನು ಹಾಗೆಯೇ ಯಂತ್ರಕ್ಕೆ ಹಾಕಿ ಓಡಿಸಿದರೆ ಪುಡಿ ಉದುರಿ, ಅತ್ತೆಯ ಹಾಡು ಯಂತ್ರದ ತಲೆಗೆ ಕಂದು ಕೊಳೆಯಾಗಿ ಮೆತ್ತಿಕೊಳ್ಳುತ್ತದೆ. ಮೊದಲು ಗೊತ್ತಿದ್ದವರಿಂದ ಒಣಗಿಸಿ, ಶುಚಿಮಾಡಿಸಿ, ಒಂದೇ ಸಲ ಓಡಿಸಿ ಪ್ರತಿ ಮಾಡಿಸಿಕೊಳ್ಳಿ.