ಸತತ ಸೋಲಿನ ಲೆಕ್ಕ: ಆನ್‌ಲೈನ್ ದಾಳದಾಟ ಮತ್ತು ಸಂಭವನೀಯತೆ

ಆನ್‌ಲೈನ್ ಜೂಜಿನ ತಾಣಗಳಲ್ಲಿ ‘ಡೈಸ್’ ಎಂಬ ಹೆಸರಿನಲ್ಲಿ ನಡೆಯುವ ಆಟಕ್ಕೆ ಆರು ಮುಖದ ದಾಳ ಬೇಕಿಲ್ಲ. ಅದರ ಸಾಮಾನ್ಯ ರೂಪದಲ್ಲಿ ಕಂಪ್ಯೂಟರು 0.00ರಿಂದ 99.99ರವರೆಗಿನ ಹತ್ತು ಸಾವಿರ ಸಂಖ್ಯೆಗಳಲ್ಲಿ ಒಂದನ್ನು ಯಾದೃಚ್ಛಿಕವಾಗಿ, ಅಂದರೆ ಎಲ್ಲ ಸಂಖ್ಯೆಗಳಿಗೂ ಸಮಾನ ಅವಕಾಶವಿರುವಂತೆ, ಆರಿಸುತ್ತದೆ. ಆ ಸಂಖ್ಯೆ ಆಟಗಾರನು ಮೊದಲೇ ಗೊತ್ತುಮಾಡಿಕೊಂಡ ಮಿತಿಗಿಂತ ಕೆಳಗಿದ್ದರೆ ಗೆಲುವು, ಇಲ್ಲವಾದರೆ ಸೋಲು. 2012ರಲ್ಲಿ ಬಿಟ್‌ಕಾಯಿನ್ ಆಧಾರಿತವಾಗಿ ಆರಂಭವಾದ ಸತೋಶಿ ಡೈಸ್ ಈ ಬಗೆಯ ಜೂಜನ್ನು ಪ್ರಚಾರಕ್ಕೆ ತಂದ ತಾಣಗಳಲ್ಲಿ ಪ್ರಮುಖವಾದುದು. ಅನಂತರ ಬಂದ ತಾಣಗಳಲ್ಲಿ ಹೆಚ್ಚಾಗಿ ಕಾಣುವ ಏರ್ಪಾಡಿನಂತೆ, ಗೆದ್ದರೆ ಒಡ್ಡಿದ ಹಣದ ಎರಡರಷ್ಟು ಕೈಸೇರುತ್ತದೆ, ಆದರೆ ಗೆಲ್ಲುವ ಸಂಭವ ನೂರಕ್ಕೆ 50 ಅಲ್ಲ, 49.5. ಈ ಅರ್ಧ ಅಂಶದ ಕೊರತೆಯಿಂದಾಗಿ ಆಟಗಾರನು ಒಡ್ಡುವ ಪ್ರತಿ ನೂರು ರೂಪಾಯಿಯಲ್ಲಿ ಸರಾಸರಿ ಒಂದು ರೂಪಾಯಿ ತಾಣಕ್ಕೆ ಉಳಿಯುತ್ತದೆ.

ಪ್ರತಿ ಪಣದಲ್ಲಿ ಸೋಲುವ ಸಂಭವ 0.505 ಆಗಿರುವಾಗ ಸತತವಾಗಿ ಹತ್ತು ಬಾರಿ ಸೋಲುವ ಸಂಭವವೆಷ್ಟು ಎಂಬ ಪ್ರಶ್ನೆಗೆ ಉತ್ತರ ಸುಲಭ. ಒಂದು ಪಣದ ಫಲಿತಾಂಶವು ಇನ್ನೊಂದರ ಮೇಲೆ ಪರಿಣಾಮ ಬೀರದ ಕಾರಣ 0.505ನ್ನು ಹತ್ತು ಬಾರಿ ಗುಣಿಸಿದರೆ ಸಾಕು. ಬರುವ ಉತ್ತರ ಸುಮಾರು 0.00108, ಅಂದರೆ 927ರಲ್ಲಿ ಒಂದು. ಈ ಅಂಕಿಯನ್ನು ನೋಡಿದ ಆಟಗಾರನು ಅಂಥ ದುರ್ದಿನ ತನಗೆ ಬರಲಾರದೆಂದು ಧೈರ್ಯ ತಂದುಕೊಳ್ಳುತ್ತಾನೆ. ಲೆಕ್ಕದಲ್ಲಿ ತಪ್ಪಿಲ್ಲ, ತಪ್ಪಿರುವುದು ಪ್ರಶ್ನೆಯಲ್ಲಿ. 927ರಲ್ಲಿ ಒಂದು ಎಂಬುದು ಈಗ ಶುರುವಾಗುವ ಹತ್ತು ಪಣಗಳಿಗೆ ಮಾತ್ರ ಅನ್ವಯಿಸುವ ಉತ್ತರ. ಸಾವಿರ ಪಣಗಳನ್ನು ಆಡುವವನು ಕೇಳಬೇಕಾದುದು, ಆ ಸಾವಿರದೊಳಗೆ ಎಲ್ಲಾದರೂ ಒಂದು ಕಡೆ ಹತ್ತು ಸೋಲುಗಳು ಸಾಲಾಗಿ ಬರುವ ಸಂಭವವೆಷ್ಟು ಎಂದು.

ಸಾವಿರ ಪಣಗಳ ಸಾಲಿನಲ್ಲಿ ಹತ್ತರ ಸರಣಿ ಆರಂಭವಾಗಬಹುದಾದ ಸ್ಥಾನಗಳು 991. ಪ್ರತಿ ಸ್ಥಾನಕ್ಕೂ 927ರಲ್ಲಿ ಒಂದು ಅವಕಾಶವಿರುವುದರಿಂದ ಸರಾಸರಿ ಒಂದಕ್ಕಿಂತ ತುಸು ಹೆಚ್ಚು ಸರಣಿಗಳು ಸಿಗಬೇಕು. ಆದರೆ ಈ ಸರಣಿಗಳು ಒಂದರ ಮೇಲೊಂದು ಚಾಚಿಕೊಂಡಿರುತ್ತವೆ: ಸತತ ಹನ್ನೊಂದು ಸೋಲುಗಳಲ್ಲಿ ಹತ್ತರ ಸರಣಿ ಎರಡು, ಹನ್ನೆರಡು ಸೋಲುಗಳಲ್ಲಿ ಮೂರು. ಹೀಗೆ ಗುಂಪಾಗಿ ಬರುವ ಸರಣಿಗಳನ್ನು ಒಂದೊಂದೇ ಘಟನೆಯೆಂದು ಎಣಿಸಿದರೆ ಸರಾಸರಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕೊನೆಗೆ, ಸಾವಿರ ಪಣಗಳಲ್ಲಿ ಒಮ್ಮೆಯಾದರೂ ಸತತ ಹತ್ತು ಸೋಲು ಎದುರಾಗುವ ಸಂಭವ ನೂರಕ್ಕೆ ಸುಮಾರು 41 ಎಂದು ತಿಳಿಯುತ್ತದೆ. ಹತ್ತು ಸಾವಿರ ಪಣಗಳಾದರೆ ಅದು ನೂರಕ್ಕೆ 99ನ್ನೂ ಮೀರುತ್ತದೆ. ತಾಣದ ಸ್ವಯಂಚಾಲಿತ ವ್ಯವಸ್ಥೆಯನ್ನು ಬಳಸಿ ಸೆಕೆಂಡಿಗೊಂದರಂತೆ ಪಣ ಕಟ್ಟಿದರೂ ಹತ್ತು ಸಾವಿರ ಪಣಗಳು ಮೂರು ಗಂಟೆಯೊಳಗೆ ಮುಗಿದುಹೋಗುವುದರಿಂದ, ಅಪರೂಪವೆಂದು ತೋರಿದ ಘಟನೆ ಒಂದು ಸಂಜೆಯ ಆಟದಲ್ಲಿ ಬಹುಮಟ್ಟಿಗೆ ಖಚಿತವಾಗುತ್ತದೆ.

ಆಟ ಬೆಳೆದಂತೆ ಸೋಲಿನ ಸರಣಿಯೂ ಬೆಳೆಯುತ್ತದೆ, ಆದರೆ ನಿಧಾನವಾಗಿ. ಸಾವಿರ ಪಣಗಳಲ್ಲಿ ಅತಿ ಉದ್ದದ ಸರಣಿ ಸಾಮಾನ್ಯವಾಗಿ ಒಂಬತ್ತರ ಆಸುಪಾಸಿನಲ್ಲಿದ್ದರೆ ಹತ್ತು ಲಕ್ಷ ಪಣಗಳಲ್ಲಿ ಅದು ಹತ್ತೊಂಬತ್ತರ ಆಸುಪಾಸಿಗೆ ಬರುತ್ತದೆ; ಪಣಗಳ ಸಂಖ್ಯೆ ಹತ್ತುಪಟ್ಟಾದಾಗಲೆಲ್ಲ ಸರಣಿಗೆ ಮೂರು ಚಿಲ್ಲರೆ ಸೋಲುಗಳು ಸೇರುತ್ತವೆ. ಗಣಿತದಲ್ಲಿ ಇಂಥ ಬೆಳವಣಿಗೆಗೆ ಲಘುಗಣಕೀಯ ಬೆಳವಣಿಗೆ ಎಂದು ಹೆಸರು. ಆದರೆ ಮನುಷ್ಯನ ಊಹೆ ಇಷ್ಟು ಉದ್ದದ ಸಾಲುಗಳನ್ನು ಒಪ್ಪಿಕೊಳ್ಳಲು ಹಿಂಜರಿಯುತ್ತದೆ. ನಾಣ್ಯವನ್ನು 200 ಬಾರಿ ಚಿಮ್ಮಿದರೆ ಒಂದೇ ಮುಖ ಸತತ ಆರು ಬಾರಿ ಬೀಳುವ ಸಂಭವ ನೂರಕ್ಕೆ 95ಕ್ಕೂ ಹೆಚ್ಚಾಗಿದ್ದರೂ, ಚಿಮ್ಮದೆ ಮನಸ್ಸಿನಿಂದಲೇ ಫಲಿತಾಂಶಗಳನ್ನು ಬರೆಯಲು ಹೇಳಿದಾಗ ಜನರು ಅಷ್ಟು ಉದ್ದದ ಸಾಲನ್ನು ಬರೆಯಲು ಅಳುಕುತ್ತಾರೆ.

ಈ ಹಿಂಜರಿಕೆಯಿಂದಲೇ ಹುಟ್ಟುವುದು ಜೂಜುಕೋರನ ಭ್ರಮೆ, ಅಂದರೆ ಇಷ್ಟು ಬಾರಿ ಸೋತ ಮೇಲೆ ಇನ್ನು ಗೆಲುವು ಬರಲೇಬೇಕೆಂಬ ನಂಬಿಕೆ. 1913ರ ಆಗಸ್ಟ್ 18ರಂದು ಮೊನಾಕೊದ ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ರೂಲೆಟ್ ಚಕ್ರದ ಗುಂಡು ಸತತ 26 ಬಾರಿ ಕಪ್ಪು ಮನೆಯಲ್ಲೇ ನಿಂತಾಗ, ಇನ್ನು ಕೆಂಪೇ ಬರಬೇಕೆಂದು ಹಣ ಸುರಿದವರು ಭಾರಿ ನಷ್ಟ ಅನುಭವಿಸಿದರು. ಚಕ್ರಕ್ಕಾಗಲಿ ಕಂಪ್ಯೂಟರಿಗಾಗಲಿ ಹಿಂದಿನದರ ನೆನಪಿಲ್ಲ. ಒಂಬತ್ತು ಬಾರಿ ಸೋತವನು ಹತ್ತನೆಯ ಬಾರಿಯೂ ಸೋಲುವ ಸಂಭವ, ಮೊದಲ ಬಾರಿಗೆ ಆಡುವವನಿಗೆ ಇರುವಷ್ಟೇ, ನೂರಕ್ಕೆ 50.5.

ಸೋತಾಗಲೆಲ್ಲ ಪಣವನ್ನು ದುಪ್ಪಟ್ಟು ಮಾಡುವ ‘ಮಾರ್ಟಿಂಗೇಲ್’ ಪದ್ಧತಿಯ ನಿಜ ಬಣ್ಣವೂ ಇಲ್ಲಿಯೇ ಬಯಲಾಗುತ್ತದೆ. ಹತ್ತು ರೂಪಾಯಿಯಿಂದ ಆರಂಭಿಸಿ 20, 40, 80 ಎಂದು ಏರಿಸುತ್ತ ಹೋದರೆ ಯಾವ ಹಂತದಲ್ಲಿ ಗೆದ್ದರೂ ಹಿಂದಿನ ನಷ್ಟವೆಲ್ಲ ತುಂಬಿ ಹತ್ತು ರೂಪಾಯಿ ಲಾಭ ಉಳಿಯುತ್ತದೆ ಎಂಬುದು ಇದರ ಆಕರ್ಷಣೆ. ಆದರೆ ಹತ್ತು ಸೋಲುಗಳಾದಾಗ ಕಳೆದ ಮೊತ್ತ 10,230 ರೂಪಾಯಿಯಾಗಿ, ಮುಂದಿನ ಪಣಕ್ಕೆ 10,240 ರೂಪಾಯಿ ಬೇಕಾಗುತ್ತದೆ. ಇಪ್ಪತ್ತು ಸೋಲುಗಳಾದರೆ ಕಳೆದ ಮೊತ್ತ ಒಂದು ಕೋಟಿ ದಾಟುತ್ತದೆ. 10,230 ರೂಪಾಯಿ ಬಂಡವಾಳವಿರುವವನು ಇಂಥ 927 ಸುತ್ತುಗಳನ್ನು ಆಡಿದನೆಂದರೆ, ಸರಾಸರಿಯಂತೆ 926 ಸುತ್ತುಗಳಲ್ಲಿ ಹತ್ತು ಹತ್ತು ರೂಪಾಯಿ ಗೆದ್ದು 9,260 ರೂಪಾಯಿ ಕೂಡಿಸಿಕೊಂಡು, ಉಳಿದ ಒಂದೇ ಸುತ್ತಿನಲ್ಲಿ 10,230 ರೂಪಾಯಿ ಕಳೆದುಕೊಳ್ಳುತ್ತಾನೆ; ನಿವ್ವಳ ನಷ್ಟ 970 ರೂಪಾಯಿ. ಪದ್ಧತಿಯು ನಷ್ಟವನ್ನು ನಿವಾರಿಸದೆ, ನೂರಾರು ಸಣ್ಣ ಗೆಲುವುಗಳ ಹಿಂದೆ ಬಚ್ಚಿಟ್ಟು ಒಮ್ಮೆಲೇ ವಸೂಲು ಮಾಡುತ್ತದೆ, ಮತ್ತು ಆ ಗೆಲುವುಗಳೇ ಆಟಗಾರನಲ್ಲಿ ತನ್ನ ದಾರಿ ಸರಿಯೆಂಬ ವಿಶ್ವಾಸ ಬೆಳೆಸುವುದರಿಂದ ಅಪಾಯ ಇನ್ನಷ್ಟು ಹೆಚ್ಚುತ್ತದೆ.

ದೀರ್ಘ ಸರಣಿಯಲ್ಲಿ ಸೋತವರು ತಾಣ ಮೋಸ ಮಾಡಿತೆಂದು ಶಂಕಿಸುವುದು ಸಹಜ. ಅನೇಕ ತಾಣಗಳು ಈ ಶಂಕೆಗೆ ಉತ್ತರವಾಗಿ, ಫಲಿತಾಂಶವನ್ನು ನಿರ್ಧರಿಸುವ ರಹಸ್ಯ ಬೀಜಸಂಖ್ಯೆಯ ‘ಹ್ಯಾಶ್’ ಅನ್ನು, ಅಂದರೆ ಅದರಿಂದ ಪಡೆದ, ಆದರೆ ಹಿಂದಿರುಗಿ ಮೂಲವನ್ನು ಕಂಡುಹಿಡಿಯಲಾಗದ ಗುರುತನ್ನು, ಆಟಕ್ಕೆ ಮುಂಚೆಯೇ ಪ್ರಕಟಿಸಿ, ಆಮೇಲೆ ಮೂಲ ಸಂಖ್ಯೆಯನ್ನು ತೋರಿಸುತ್ತವೆ. ಎರಡನ್ನೂ ತಾಳೆ ನೋಡಿದರೆ ನಡುವೆ ಏನೂ ಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಬಹುದು. ಆದರೆ ಇದು ದಾಳ ಶುದ್ಧವಾಗಿದೆ ಎಂಬುದಕ್ಕೆ ಪ್ರಮಾಣವೇ ಹೊರತು ಆಟ ಲಾಭಕರ ಎಂಬುದಕ್ಕಲ್ಲ. ಇಲ್ಲಿಯ ಆಟಗಾರ ಬರಿಗೈಯಾಗಲು ಶಕುನಿಯ ಕಪಟ ಬೇಕಿಲ್ಲ. ಶುದ್ಧ ದಾಳ, ಶೇಕಡ ಒಂದರ ಕೊರತೆ ಮತ್ತು ಪಣಗಳ ದೊಡ್ಡ ಸಂಖ್ಯೆ ಇವೇ ಸಾಕು.

ಕರ್ನಾಟಕವು ಆನ್‌ಲೈನ್ ಜೂಜಿನ ವಿರುದ್ಧ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿದಾಗ, ಕೌಶಲದ ಆಟ ಮತ್ತು ಅದೃಷ್ಟದ ಆಟಗಳ ನಡುವಣ ವ್ಯತ್ಯಾಸವು ಚರ್ಚೆಯ ಕೇಂದ್ರದಲ್ಲಿತ್ತು; 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಆ ವ್ಯತ್ಯಾಸವನ್ನೇ ಬದಿಗಿಟ್ಟು, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ದಾಳದಾಟದ ಮಟ್ಟಿಗೆ ಆ ಚರ್ಚೆಗೆ ಎಡೆಯೇ ಇಲ್ಲ, ಏಕೆಂದರೆ ಇದರಲ್ಲಿ ಪಣವನ್ನು ಏರಿಸುವ ಇಳಿಸುವ ಯಾವ ಜಾಣತನವೂ ಮುಂದಿನ ಸಂಖ್ಯೆಯನ್ನು ಕದಲಿಸಲಾರದು. ಸತತವಾಗಿ ಸೋಲುತ್ತಿರುವವನಿಗೆ ಗಣಿತ ಹೇಳುವ ಮಾತು ಸ್ಪಷ್ಟ: ಕಳೆದುದಕ್ಕೆ ಪ್ರತಿಯಾಗಿ ಅವನಿಗೆ ಯಾವ ಗೆಲುವೂ ಬಾಕಿಯಿಲ್ಲ, ಸರಣಿಯ ಉದ್ದವನ್ನು ನಿರ್ಧರಿಸುವ ಅಂಶಗಳಲ್ಲಿ ಅವನ ಕೈಯಲ್ಲಿ ನಿಜವಾಗಿ ಉಳಿದಿರುವುದು ಪಣಗಳ ಸಂಖ್ಯೆಯೊಂದೇ, ಮತ್ತು ಅದನ್ನು ಅವನು ಯಾವ ಕ್ಷಣದಲ್ಲಾದರೂ ನಿಲ್ಲಿಸಬಲ್ಲನು.