ಕೊಳೆನೀರಿನ ಗುಂಡಿಯೂ ಚಿನ್ನದ ಗಣಿಯೂ

೨೦೨೧ರ ನವೆಂಬರ್ ತಿಂಗಳಲ್ಲಿ ಕೋಲಾರ ಜಿಲ್ಲೆಯ ಮೇಲೆ ಸುರಿದ ಮಳೆಯನ್ನು ಆ ಸೀಮೆಯವರು ಇನ್ನೂ ಮರೆತಿರಲಾರರು. ಮಳೆಗಾಗಿ ಆಕಾಶ ನೋಡುವುದೇ ಅಭ್ಯಾಸವಾಗಿದ್ದ ನಾಡಿನಲ್ಲಿ, ಸಾಕಪ್ಪಾ ಸಾಕು ಎನ್ನುವಂತೆ ಅದು ಹೊಯ್ಯಿತು. ಆ ದಿನಗಳಲ್ಲಿ ನಾನು ಬಂಗಾರಪೇಟೆಯ ನನ್ನ ಸೋದರಮಾವನ ಮನೆಯಲ್ಲಿದ್ದೆ. ಮನೆ ಹಳೆಯದು. ಕಟ್ಟಿದ ಕಾಲದಲ್ಲಿ ಬೀದಿಗಿಂತ ಎರಡು ಮೆಟ್ಟಿಲು ಮೇಲಿತ್ತಂತೆ. ಡಾಂಬರಿನ ಮೇಲೆ ಡಾಂಬರು ಬಿದ್ದು ಬೀದಿಯೇ ಎತ್ತರವಾಗಿ, ಈಗ ಬೀದಿಯಿಂದ ಮನೆಗೆ ಎರಡು ಮೆಟ್ಟಿಲು ಇಳಿಯಬೇಕು. ಹೀಗಾಗಿ ಬಚ್ಚಲು, ಅಡಿಗೆಮನೆಗಳ ನೀರು ತಾನಾಗಿ ಚರಂಡಿಗೆ ಹರಿಯದು. ಹಿತ್ತಲಿನ ಗುಂಡಿಯೊಂದರಲ್ಲಿ ನಿಂತು, ಪಂಪಿನ ಮೂಲಕ ಮೇಲೇರಿ ಚರಂಡಿಯನ್ನು ಸೇರಬೇಕು. ಇಂಥ ಮನೆಗಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ!

ಆ ರಾತ್ರಿ ಪಂಪು ಗುಂಯ್ ಎಂದು ಸದ್ದು ಮಾಡಿತೇ ಹೊರತು ಒಂದು ತಂಬಿಗೆ ನೀರನ್ನೂ ಎತ್ತಲಿಲ್ಲ. ಬೆಳಗಾಗುವ ವೇಳೆಗೆ ಬಚ್ಚಲಿನ ತೂಬಿನಿಂದ ಕಪ್ಪು ನೀರು ಒಳಕ್ಕೆ ಉಕ್ಕತೊಡಗಿತು. ಹಿತ್ತಲಿನಲ್ಲಿಯೇ ಕುಡಿಯುವ ನೀರಿನ ಸಂಪೂ ಇದೆ. ಅದರ ಮುಚ್ಚಳಕ್ಕೂ ಏರುತ್ತಿದ್ದ ಕೊಳೆನೀರಿಗೂ ಉಳಿದಿದ್ದ ಅಂತರ ನಾಲ್ಕು ಬೆರಳು. ಅತ್ತೆ ಕೊಡಗಳಲ್ಲಿದ್ದ ನೀರನ್ನೆಲ್ಲ ನಡುಮನೆಗೆ ಸಾಗಿಸಿ, ಮಕ್ಕಳಿಗೆ ಸಂಪಿನ ನೀರು ಮುಟ್ಟಕೂಡದೆಂದು ಆಜ್ಞೆ ಮಾಡಿದರು.

ಮಾವನ ಮಗ ಎಲ್ಲಿಂದಲೋ ಒಬ್ಬ ಕೆಲಸಗಾರನನ್ನು ಕರೆತಂದ. ಆತ ಅಂಗಿ ಕಳಚಿಟ್ಟು, ಗುಂಡಿಯ ಚಪ್ಪಡಿ ಸರಿಸಿ, ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟಿದ್ದ. ಅಷ್ಟರಲ್ಲಿ ಒಳಗಿನಿಂದ ಬಂದ ಮಾವ ಗಟ್ಟಿಯಾಗಿ ಕೂಗಿದರು:

“ಇಳೀಬೇಡಪ್ಪಾ! ಕಾಲು ಮೇಲಕ್ಕೆ ತಗೋ!”

“ಐದು ನಿಮಿಷದ ಕೆಲಸ, ಯಜಮಾನರೇ.”

“ಐದು ನಿಮಿಷ ಯಾಕೆ, ಎರಡು ಉಸಿರು ಸಾಕು,” ಎಂದರು ಮಾವ.

ಮಾವ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಡಿಯ ಪಂಪುಗಳ ಬಳಿ ದುಡಿದವರು. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿದಾಗ ಮನೆಗೆ ಬಂದವರು. ಕೊಳೆತ ರೊಚ್ಚಿನಿಂದ ಹುಟ್ಟುವ ಗಂಧಕದ ಅನಿಲಕ್ಕೆ ಕೊಳೆತ ಮೊಟ್ಟೆಯ ವಾಸನೆ ಇರುತ್ತದೆಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅದು ಹೆಚ್ಚಾದೊಡನೆ ಮೂಗಿನ ಶಕ್ತಿಯೇ ಸತ್ತು, ವಾಸನೆ ಹೋಯಿತು, ಗಾಳಿ ಶುದ್ಧವಾಯಿತು ಎಂದು ಮನುಷ್ಯ ಭ್ರಮಿಸುತ್ತಾನೆ. ಮರುಕ್ಷಣವೇ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ಪತ್ರಿಕೆಗಳಲ್ಲಿ ಬರುವ ಇಂಥ ಸುದ್ದಿಗಳಲ್ಲಿ ಸತ್ತವರು ಇಬ್ಬರು, ಮೂವರು ಎಂದಿರುವುದು ಇದಕ್ಕಾಗಿಯೇ.

ಒಳಚರಂಡಿ, ಸೆಪ್ಟಿಕ್ ಟ್ಯಾಂಕುಗಳಿಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದನ್ನು ೨೦೧೩ರ ಕಾನೂನು ನಿಷೇಧಿಸಿದೆ. ಹಾಗೆ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು ೨೦೧೪ರಲ್ಲಿ ತೀರ್ಪು ನೀಡಿದ್ದ ಸುಪ್ರೀಂ ಕೋರ್ಟು, ೨೦೨೩ರಲ್ಲಿ ಆ ಮೊತ್ತವನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಈ ಹೋರಾಟದ ಮುಂದಾಳು ಬೆಜವಾಡ ವಿಲ್ಸನ್ ಅವರು ೧೯೬೬ರಲ್ಲಿ ಹುಟ್ಟಿದ್ದು ಇದೇ ಚಿನ್ನದ ಗಣಿಯ ಊರಿನಲ್ಲಿ, ಮಲ ಹೊರುವ ಕೆಲಸಕ್ಕೆ ಕಟ್ಟಿಹಾಕಲ್ಪಟ್ಟಿದ್ದ ಕುಟುಂಬದಲ್ಲಿ. ೨೦೧೬ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಚಿನ್ನದ ಕಥೆಯನ್ನು ಹೇಳುವವರು ಊರಿನ ಈ ಇನ್ನೊಂದು ಕಥೆಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಆ ಬೆಳಿಗ್ಗೆ ಬಿದಿರಿನ ಗಳುವಿಗೆ ಕೊಕ್ಕೆ ಕಟ್ಟಿ, ಎರಡು ಗಂಟೆ ಹೆಣಗಿ ಪಂಪನ್ನು ಮೇಲೆತ್ತಿದೆವು. ಅದರ ಹೊಟ್ಟೆಯಲ್ಲಿ ಪಾತ್ರೆ ಒರೆಸುವ ಬಟ್ಟೆಯ ಚೂರೊಂದು, ಕೂದಲಿನ ಉಂಡೆಯೊಂದು! ಅದು ತಿಳಿನೀರಿಗಾಗಿ ಮಾಡಿದ ಪಂಪು. ಕೊಳ್ಳುವಾಗ ಅಂಗಡಿಯವನು “ಒಂದು ಹಾರ್ಸ್‌ಪವರು, ಆನೆಯಂಥ ಪಂಪು” ಎಂದಿದ್ದನಂತೆ. ಆನೆಯೇನೋ ಸರಿ, ಅದರ ಗಂಟಲು ಗುಬ್ಬಚ್ಚಿಯದಾಗಿತ್ತು.

ಮಳೆ ನಿಂತ ಮೇಲೆ ಮಾವ ಗಣಿಯ ನೀರಿನ ಕಥೆಯನ್ನು ಹೇಳಿದರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ನೆಲದಲ್ಲಿ ರಂಧ್ರ ಕೊರೆದಲ್ಲೆಲ್ಲ ನೀರು ಜಿನುಗುವುದು ಸಹಜ. ಆರಂಭದಲ್ಲಿ ಆವಿಯಂತ್ರಗಳಿದ್ದವು, ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೧೪೭ ಕಿಲೋಮೀಟರ್ ತಂತಿ ಎಳೆದು ವಿದ್ಯುತ್ತನ್ನು ತಂದರು. ಬೆಂಗಳೂರಿನ ಬೀದಿಗಳಿಗೆ ಆ ದೀಪ ಬಂದದ್ದು ಅನಂತರ. ಪಂಪು ಎಂಥದೇ ಇರಲಿ, ಅಷ್ಟು ಆಳದಿಂದ ಒಂದೇ ನೆಗೆತಕ್ಕೆ ನೀರೆತ್ತುವುದು ಆಗದ ಮಾತು. ನೂರು ಮೀಟರ್ ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ವಾಯುಭಾರದ ಹತ್ತರಷ್ಟು ಒತ್ತುತ್ತದೆ. ಆದುದರಿಂದ ಆಳವಾದ ಗಣಿಗಳಲ್ಲಿ ಹಂತಹಂತಕ್ಕೆ ಗುಂಡಿ ಕಟ್ಟಿ, ಕೆಳಗಿನ ಪಂಪು ಮೇಲಿನ ಗುಂಡಿಗೆ, ಅಲ್ಲಿಯದು ಇನ್ನೂ ಮೇಲಿನದಕ್ಕೆ ನೀರನ್ನು ದಾಟಿಸುತ್ತದೆ. ಪ್ರತಿ ಗುಂಡಿಗೂ ಮೊದಲು ಮರಳು ತಂಗುವ ತೊಟ್ಟಿ. ಕಲ್ಲುಪುಡಿ ಪಂಪಿನ ಚಕ್ರವನ್ನು ಸವೆಸಬಾರದು. ಒಂದು ಪಂಪು ಓಡುವಾಗ ಇನ್ನೊಂದು ಸಿದ್ಧವಾಗಿ ನಿಂತಿರಬೇಕು. ೨೦೦೧ರಲ್ಲಿ ಗಣಿ ಮುಚ್ಚಿದ ಮೇಲೆ ಪಂಪುಗಳು ನಿಂತವು; ಶತಮಾನಕ್ಕೂ ಮೀರಿ ಜನ ತೋಡಿದ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. “ನಾನು ಕೂತಿದ್ದ ಜಾಗದಲ್ಲಿ ಈಗ ಮೀನೂ ಬದುಕಲಾರದು,” ಎಂದು ಮಾವ ನಕ್ಕರು. ನನಗೆ ನಗು ಬರಲಿಲ್ಲ.

ಈ ವಿದ್ಯೆಯೆಲ್ಲವೂ ಮೂರಡಿ ಚೌಕದ ಮನೆಗುಂಡಿಗೂ ಸಲ್ಲುತ್ತದೆ. ಮೊದಲ ಪ್ರಶ್ನೆ, ಪಂಪು ಬೇಕೇ ಎಂಬುದು. ಇಳಿಜಾರು ಸಿಕ್ಕುವಲ್ಲಿ ನೀರನ್ನು ತಾನಾಗಿ ಹರಿಯಬಿಡಬೇಕು. ಭೂಮಿಯ ಸೆಳೆತಕ್ಕೆ ಕರೆಂಟು ಹೋಗುವ ಭಯವಿಲ್ಲ. ತಾರಸಿಯ ಮಳೆನೀರನ್ನಂತೂ ಈ ಗುಂಡಿಗೆ ಬಿಡಲೇಬಾರದು. ಮಾವನ ಮನೆಯಲ್ಲಿ ಆ ರಾತ್ರಿಯ ಅನಾಹುತಕ್ಕೆ ಅರ್ಧ ಕಾರಣ ಅದೇ.

ಪಂಪು ಬೇಕೇಬೇಕೆಂದಾದರೆ ಅಳತೆ ಮಾಡಿ. ಮನೆಯವರೆಲ್ಲ ಸ್ನಾನ ಮಾಡುವ ಹೊತ್ತಿನಲ್ಲಿ ಒಂದು ಗುರುತು ಹಾಕಿದ ಕೋಲನ್ನು ಗುಂಡಿಗೆ ಇಳಿಬಿಟ್ಟು ಗಡಿಯಾರ ನೋಡಿ. ಮೂರಡಿ ಚೌಕದ ಗುಂಡಿಯಲ್ಲಿ ನೀರು ಒಂದು ಅಂಗುಲ ಏರಿತೆಂದರೆ ಸುಮಾರು ಇಪ್ಪತ್ತೊಂದು ಲೀಟರು ಬಂತೆಂದು ಅರ್ಥ. ನಿಮಿಷಕ್ಕೆ ಒಂದು ಅಂಗುಲ ಏರುತ್ತಿದ್ದರೆ, ಅದರ ಎರಡರಷ್ಟು, ಅಂದರೆ ನಲವತ್ತು ಐವತ್ತು ಲೀಟರು ಎತ್ತುವ ಪಂಪು ಧಾರಾಳವಾಯಿತು. ಆದರೆ ಎಷ್ಟು ಎತ್ತರಕ್ಕೆ? ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿರುವ ಸಂಖ್ಯೆ ಎತ್ತರವೇ ಇಲ್ಲದಾಗಿನದಾಗಿರಬಹುದು. ಗುಂಡಿಯ ತಳದಿಂದ ಚರಂಡಿಯ ಕೊಳವೆಯವರೆಗಿನ ಎತ್ತರವನ್ನು ಹೇಳಿ, ಆ ಎತ್ತರದಲ್ಲಿ ಎಷ್ಟು ಲೀಟರೆಂದು ಕೇಳಬೇಕು. ಕೊಳವೆಯ ಪ್ರತಿ ತಿರುವೂ ಎತ್ತರವನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸಿದಂತೆಯೇ. ಹನ್ನೆರಡು ಅಡಿ ಎತ್ತರಕ್ಕೆ ನಿಮಿಷಕ್ಕೆ ಅರವತ್ತು ಲೀಟರು ಎತ್ತಲು ಬೇಕಾದ ನಿಜವಾದ ಶಕ್ತಿ ನಲವತ್ತು ವಾಟಿಗಿಂತ ಕಡಿಮೆ. ಪಂಪು ಅದರ ನಾಲ್ಕರಷ್ಟು ಕರೆಂಟು ತಿಂದರೂ ಅರ್ಧ ಹಾರ್ಸ್‌ಪವರು ಮಿಗುತ್ತದೆ. ಆನೆಯನ್ನು ಕಟ್ಟಿಕೊಂಡರೆ, ಗುಂಡಿ ಕ್ಷಣದಲ್ಲಿ ಬರಿದಾಗಿ, ಮೋಟಾರು ಮತ್ತೆ ಮತ್ತೆ ನಿಂತು ಹೊರಟು ಸುಟ್ಟುಹೋದೀತು.

ದಂಡೆಯ ಮೇಲೆ ಕುಳಿತು ನೀರೆಳೆಯುವ ಮೋಟಾರು ಈ ಕೆಲಸಕ್ಕಲ್ಲ. ಹಾಗೆ ನೀರೆಳೆಯುವುದು ವಾಸ್ತವವಾಗಿ ಪಂಪಲ್ಲ, ವಾಯುಭಾರ. ಸಮುದ್ರಮಟ್ಟದಲ್ಲಿ ಅದರ ಮಿತಿ ಮೂವತ್ತನಾಲ್ಕು ಅಡಿ. ಎಂಟುನೂರು ಮೀಟರಿಗೂ ಎತ್ತರದಲ್ಲಿರುವ ಬಂಗಾರಪೇಟೆಯಲ್ಲಿ ಮೂವತ್ತರ ಸುಮಾರು, ಬಳಕೆಯಲ್ಲಿ ಇಪ್ಪತ್ತು. ಆಳವಿಲ್ಲದ ಗುಂಡಿಗೆ ಅದು ಸಾಲದೆಂದಲ್ಲ. ಸಣ್ಣ ಕಸಕ್ಕೇ ಅದರ ಬಾಯಿ ಕಟ್ಟುತ್ತದೆ. ನೀರಿನೊಳಗೇ ಮುಳುಗಿರುವ, ಕೊಳೆನೀರಿಗೆಂದೇ ಮಾಡಿದ, ಚಕ್ರದ ನಡುವೆ ಕಸ ಹಾದುಹೋಗುವಷ್ಟು ಎಡೆಯಿರುವ ಪಂಪನ್ನೇ ಕೊಳ್ಳಬೇಕು. ಎಷ್ಟು ಮಿಲಿಮೀಟರ್ ದಪ್ಪದ ಚೂರು ಹಾದೀತೆಂದು ಅದರ ಪಟ್ಟಿಯಲ್ಲಿಯೇ ಬರೆದಿರುತ್ತದೆ. ಕುಡಿಯುವ ನೀರಿನ ಸಂಪಿಗೆ ಇಳಿಬಿಟ್ಟ ಪಂಪನ್ನು ಇದಕ್ಕೂ, ಇದನ್ನು ಅದಕ್ಕೂ ಒಂದು ದಿನದ ಮಟ್ಟಿಗಾದರೂ ಬದಲಾಯಿಸುವುದು ಬೇಡ.

ಉಳಿದದ್ದು ಜೋಡಣೆ. ನೀರು ಏರಿದಾಗ ತಾನಾಗಿ ಪಂಪು ಹೊರಡಿಸುವ ತೇಲುಗುಂಡಿನ ಸ್ವಿಚ್ಚು ಗೋಡೆಗೆ ತಾಗದಂತೆ ಇರಬೇಕು. ಬಹಳಷ್ಟು ಪಂಪುಗಳು ಕೈಕೊಡುವುದು ಗುಂಡು ಗೋಡೆಗೆ ಸಿಕ್ಕಿಕೊಂಡೇ. ಎತ್ತಿದ ನೀರು ಮರಳಿ ಬೀಳದಂತೆ ಕೊಳವೆಯಲ್ಲಿ ನಾನ್ ರಿಟರ್ನ್ ವಾಲ್ವ್ ಇರಲಿ. ಅದರ ಕೆಳಗೆ, ಪಂಪಿಗೆ ಹತ್ತಿರದಲ್ಲಿ, ಕಡ್ಡಿ ಹಿಡಿಸುವಷ್ಟು ಸಣ್ಣ ರಂಧ್ರ ಮಾಡಿದರೆ ಒಳಗೆ ಗಾಳಿ ಸಿಕ್ಕಿ ಪಂಪು ಬರಿದೇ ತಿರುಗುವುದು ತಪ್ಪುತ್ತದೆ. ಗುಂಡಿಗೆ ಮೊದಲು ಜಾಲರಿ ಹಾಕಿದ ಪುಟ್ಟ ತೊಟ್ಟಿ ಇರಲಿ. ಗಣಿಯ ಮರಳುತೊಟ್ಟಿಯ ಮನೆಮಗಳು ಅದು. ವಾರಕ್ಕೊಮ್ಮೆ ಅದನ್ನು ಬರಿದುಮಾಡುವುದು ಐದು ನಿಮಿಷದ ಕೆಲಸ, ನಿಜವಾಗಿಯೂ ಐದು ನಿಮಿಷದ್ದು. ವಿದ್ಯುತ್ತಿನ ಸೋರಿಕೆಯನ್ನು ಕಂಡೊಡನೆ ಕಡಿಯುವ, ಮೂವತ್ತು ಮಿಲಿ ಆಂಪಿಯರಿನ ಬ್ರೇಕರನ್ನು ಹಾಕಿಸದೆ ನೀರಿನಲ್ಲಿ ಮೋಟಾರು ಇಡುವುದು ಅವಿವೇಕ. ಪಂಪನ್ನು ಮುಟ್ಟುವ ಮುನ್ನ ಮೇನ್ ಸ್ವಿಚ್ಚನ್ನೇ ತೆಗೆಯಿರಿ.

ಎಲ್ಲಕ್ಕಿಂತ ಮುಖ್ಯವಾದ ವಸ್ತು ಅಂಗಡಿಯವನು ಹೇಳದೇ ಇರುವಂಥದು: ತುಕ್ಕು ಹಿಡಿಯದ ಒಂದು ಸರಪಳಿ. ಅದರ ಒಂದು ತುದಿ ಪಂಪಿನ ಹಿಡಿಗೆ, ಇನ್ನೊಂದು ಗುಂಡಿಯ ಬಾಯಿಯ ಕೊಕ್ಕೆಗೆ. ಕೊಳವೆ ನಡುವೆ ಬಿಚ್ಚಿಬರುವಂತಿರಬೇಕು. ಆಗ ಪಂಪು ಮನುಷ್ಯನ ಬಳಿಗೆ ಬರುತ್ತದೆ. ತಂತಿ ಹಿಡಿದು ಎಳೆದಿರೋ, ಸೀಲು ಹರಿದು ಮೋಟಾರಿಗೆ ನೀರು ನುಗ್ಗಿತೆಂದೇ ತಿಳಿಯಿರಿ.

ಮಾವ ಹಳೆಯ ಪಂಪನ್ನು ಎಸೆಯಲಿಲ್ಲ. ತೊಳೆದು, ಸರಿಪಡಿಸಿ, ಉಗ್ರಾಣದಲ್ಲಿ ತಿಳಿನೀರಿಗೆಂದು ಚೀಟಿ ಅಂಟಿಸಿ ಇಟ್ಟಿದ್ದಾರೆ. ಕೊಳೆನೀರಿಗೆ ಹೊಸದು ಅರ್ಧ ಹಾರ್ಸ್‌ಪವರಿನದು. ಅದರ ಜೊತೆಗೆ ಅದೇ ಬಗೆಯ ಇನ್ನೊಂದು ಚಿಕ್ಕದು, ಕರೆಂಟು ಹೋದಾಗ ಇನ್ವರ್ಟರಿನ ಮೇಲೆ ಓಡುವಷ್ಟರದು. ತಿಂಗಳಿಗೊಮ್ಮೆ ಅತ್ತೆ ಗುಂಡಿಗೆ ನಾಲ್ಕು ಕೊಡ ನೀರು ಸುರಿಯುತ್ತಾರೆ. ಮಾವ ಕಿವಿಗೊಟ್ಟು ಸದ್ದು ಕೇಳುತ್ತಾರೆ. ಕಸ ಸಿಕ್ಕಿದ್ದರೆ ಸದ್ದಿನಲ್ಲೇ ತಿಳಿಯುತ್ತದಂತೆ.

ಅಂದು ಬೆಳಿಗ್ಗೆ ಬಂದಿದ್ದ ಕೆಲಸಗಾರನಿಗೆ ಇಳಿಯದಿದ್ದರೂ ಪೂರ್ತಿ ಕೂಲಿ ಸಂದಿತು. ಈಗ ಪ್ರತಿವರ್ಷವೂ ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿಯಾದ ಮೇಲೆ ಒಮ್ಮೆ ಅವನು ಬರುತ್ತಾನೆ. ಸರಪಳಿ ಹಿಡಿದು ಪಂಪನ್ನು ಮೇಲೆಳೆದು, ಹಿತ್ತಲಿನ ಕಲ್ಲಿನ ಮೇಲಿಟ್ಟು ಕೊಳಾಯಿ ನೀರಿನಲ್ಲಿ ತೊಳೆದು, ಮತ್ತೆ ಇಳಿಬಿಟ್ಟು, ಕೈಕಾಲು ತೊಳೆದುಕೊಂಡು ಜಗಲಿಯ ಮೇಲೆ ಕುಳಿತು ಮಾವನೊಡನೆ ಕಾಫಿ ಕುಡಿದು ಹೋಗುತ್ತಾನೆ.