ಮನೆತನದ ಹೆಸರು ಮತ್ತು ಡಿಎನ್‌ಎ ಸಾಕ್ಷ್ಯ

ಇಂಗ್ಲೆಂಡಿನಲ್ಲಿ ಸುಮಾರು ಏಳುನೂರು ವರ್ಷಗಳ ಹಿಂದೆ, ವ್ಯಕ್ತಿಯ ಹೆಸರಿನೊಡನೆ ಮನೆತನದ ಹೆಸರೊಂದು ಸೇರಿ ತಂದೆಯಿಂದ ಮಕ್ಕಳಿಗೆ ಇಳಿದುಬರುವ ಪದ್ಧತಿ ಜನಸಾಮಾನ್ಯರಲ್ಲಿಯೂ ಬೇರೂರತೊಡಗಿತು. ಕಮ್ಮಾರಿಕೆಯವನು ಸ್ಮಿತ್ ಎನಿಸಿದನು. ಗುಡ್ಡದ ಮಗ್ಗುಲಲ್ಲಿ ವಾಸಿಸಿದವನು ಹಿಲ್ ಆದನು. ಜಾನನ ಮಗನು ಜಾನ್ಸನ್ ಆದನು. ನಮ್ಮ ಉತ್ತರ ಕರ್ನಾಟಕದ ಬಡಿಗೇರ, ಪತ್ತಾರ, ಕುಂಬಾರ ಮೊದಲಾದ ಅಡ್ಡಹೆಸರುಗಳ ಹುಟ್ಟೂ ಇಂಥದೇ. ಕಾಲಕ್ರಮದಲ್ಲಿ ಎಷ್ಟೋ ಮನೆಗಳವರು ವೃತ್ತಿಯನ್ನು ಬಿಟ್ಟರು, ಊರನ್ನು ಬಿಟ್ಟರು. ಹೆಸರು ಮಾತ್ರ ಉಳಿಯಿತು. ಹಾಗಾದರೆ ಒಂದೇ ಅಡ್ಡಹೆಸರನ್ನು ಹೊತ್ತವರೆಲ್ಲರೂ ಒಬ್ಬನೇ ಮೂಲಪುರುಷನ ಸಂತತಿಯೇ? ಇಂಗ್ಲೆಂಡಿನ ಚರ್ಚುಗಳು ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ದಾಖಲಿಸಬೇಕೆಂಬ ಆಜ್ಞೆ ಹೊರಟುದು 1538ರಲ್ಲಿ. ಅದಕ್ಕೂ ಹಿಂದಿನ ಬಡವರ ವಂಶಾವಳಿಗೆ ಕಾಗದದ ಆಧಾರ ತೀರ ವಿರಳ. ಅಂಥಲ್ಲಿ ಈಗ ಜೀವವಿಜ್ಞಾನವು ನೆರವಿಗೆ ಬಂದಿದೆ.

ನಮ್ಮ ಜೀವಕೋಶಗಳ ಕೇಂದ್ರದಲ್ಲಿ 23 ಜೊತೆ ವರ್ಣತಂತುಗಳಿವೆ. ಅವುಗಳಲ್ಲಿ ಹೆಚ್ಚಿನವು ಪ್ರತಿ ತಲೆಮಾರಿನಲ್ಲಿಯೂ ಇಸ್ಪೀಟಿನ ಎಲೆಗಳಂತೆ ಕಲಸಿಹೋಗುತ್ತವೆ. ಗಂಡಿನಲ್ಲಿರುವ 'ವೈ' ಎಂಬ ಪುಟ್ಟ ವರ್ಣತಂತುವಾದರೋ ಬಹುಮಟ್ಟಿಗೆ ಬೆರಕೆಯಿಲ್ಲದೆ ತಂದೆಯಿಂದ ಮಗನಿಗೆ ಸಾಗುತ್ತದೆ. ಮನೆತನದ ಹೆಸರು ಸಾಗುವ ದಾರಿಯೂ ಅದೇ. ಆದುದರಿಂದ ಇವೆರಡೂ ಜೊತೆಜೊತೆಯಾಗಿ ನಡೆದುಬಂದಿರಬೇಕೆಂದು ನಿರೀಕ್ಷಿಸಬಹುದು. ಡಿಎನ್‌ಎ ಎಂಬುದು ನಾಲ್ಕೇ ರಾಸಾಯನಿಕ ಅಕ್ಷರಗಳಲ್ಲಿ ಬರೆದ ನೀಳವಾದ ಬರಹ. ಅದರ ಕೆಲವು ಎಡೆಗಳಲ್ಲಿ ಕೆಲವೇ ಅಕ್ಷರಗಳ ತುಣುಕೊಂದು ಹತ್ತು ಹನ್ನೆರಡು ಬಾರಿ ಮರುಕಳಿಸುತ್ತದೆ. ಪ್ರತಿ ಮಾಡುವಾಗ ಅಪರೂಪಕ್ಕೊಮ್ಮೆ ಹನ್ನೆರಡು ಹದಿಮೂರಾಗುತ್ತದೆ. ಮುಂದೆ ಆ ಮನೆಯ ಗಂಡುಸಂತತಿಯಲ್ಲಿ ಹದಿಮೂರೇ ನಡೆದುಬರುತ್ತದೆ. ಓಲೆಗರಿಯ ಲಿಪಿಕಾರನ ಕೈತಪ್ಪು ಮುಂದಿನ ಪ್ರತಿಗಳಲ್ಲೆಲ್ಲ ಉಳಿದುಬಂದು, ಯಾವ ಪ್ರತಿ ಯಾವುದರಿಂದ ಹುಟ್ಟಿತೆಂಬುದನ್ನು ಗ್ರಂಥಸಂಪಾದಕನಿಗೆ ತಿಳಿಸಿಕೊಡುವುದಿಲ್ಲವೇ? ಇದೂ ಹಾಗೆಯೇ. ಇಂಥ ಹಲವು ಎಡೆಗಳ ಸಂಖ್ಯೆಗಳನ್ನು ಹೋಲಿಸಿ, ಇಬ್ಬರು ಗಂಡಸರ ಪಿತೃಪರಂಪರೆ ಎಷ್ಟು ಸಮೀಪದ್ದೆಂದು ಅಂದಾಜು ಮಾಡುತ್ತಾರೆ. ಕೆನ್ನೆಯ ಒಳಭಾಗವನ್ನು ಒರೆಸಿ ತೆಗೆದ ಕೋಶಗಳೇ ಇದಕ್ಕೆ ಸಾಕು.

ಆಕ್ಸ್‌ಫರ್ಡಿನ ವಿಜ್ಞಾನಿ ಬ್ರಯನ್ ಸೈಕ್ಸ್ ಅವರು ತಮ್ಮ ಹೆಸರನ್ನೇ ಪರೀಕ್ಷೆಗೆ ಒಡ್ಡಿದರು. 'ಸೈಕ್' ಎಂದರೆ ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ ಸಣ್ಣ ತೊರೆ. ಅಂಥ ತೊರೆಗಳು ಆ ನಾಡಿನಲ್ಲಿ ಹೇರಳವಾಗಿರುವುದರಿಂದ, ಆ ಹೆಸರು ಹಲವು ಕಡೆ ಬೇರೆಬೇರೆಯಾಗಿ ಹುಟ್ಟಿರಬೇಕೆಂದು ಭಾವಿಸಲಾಗಿತ್ತು. 2000ದಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಪರಸ್ಪರ ಪರಿಚಯವಿಲ್ಲದ 48 ಮಂದಿ ಸೈಕ್ಸರ ವೈ ವರ್ಣತಂತುವನ್ನು ಪರಿಶೀಲಿಸಲಾಯಿತು. ಅವರಲ್ಲಿ ಅರ್ಧಕ್ಕೆ ತುಸು ಕಡಿಮೆ ಜನರಲ್ಲಿ ಒಂದೇ ಮಾದರಿ ಕಂಡುಬಂದಿತು. ಹೋಲಿಕೆಗೆಂದು ಆರಿಸಿದ ಬೇರೆ ಹೆಸರಿನವರಲ್ಲಿ ಅದು ಕಾಣಲಿಲ್ಲ. ಇವರೆಲ್ಲರ ಮೂಲಪುರುಷನು ಒಬ್ಬನೇ ಇರಬೇಕೆಂದು ಸೈಕ್ಸರು ತರ್ಕಿಸಿದರು. ಉಳಿದವರ ಗತಿಯೇನು? ದತ್ತು ಬಂದ ಮಗ, ತಾಯಿಯ ಮನೆತನದ ಹೆಸರು ಪಡೆದ ಮಗು, ಗುಟ್ಟಾಗಿ ಉಳಿದ ಪಿತೃತ್ವ, ಇವುಗಳಲ್ಲಿ ಯಾವುದರಿಂದಲಾದರೂ ಹೆಸರಿನ ಎಳೆಯೂ ರಕ್ತದ ಎಳೆಯೂ ಬೇರಾಗಬಹುದು. ತಲೆಮಾರಿಗೆ ನೂರರಲ್ಲಿ ಎರಡು ಎಳೆಗಳು ಮಾತ್ರ ಹೀಗೆ ಬೇರಾದರೂ, 23 ತಲೆಮಾರುಗಳ ಬಳಿಕ ಕಡಿಯದೆ ಉಳಿಯುವವು ಸುಮಾರು 63 ಮಾತ್ರ ಎಂಬುದನ್ನು ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು.

ಎಲ್ಲ ಹೆಸರುಗಳೂ ಇಷ್ಟು ಸ್ಪಷ್ಟವಾದ ಉತ್ತರ ಕೊಡುವುದಿಲ್ಲ. ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ಅವರು ನಲವತ್ತು ಹೆಸರುಗಳನ್ನು ಪರಿಶೀಲಿಸಿ 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅಟೆನ್‌ಬರೊ ಎಂಬಂಥ ವಿರಳ ಹೆಸರಿನವರಲ್ಲಿ ಬಹುಪಾಲು ಜನ ಒಂದೇ ಮಾದರಿಯವರು. ಸ್ಮಿತ್ ಎಂಬವರಲ್ಲಾದರೋ ದಾರಿಹೋಕರಲ್ಲಿ ಇರುವಷ್ಟೇ ವೈವಿಧ್ಯ. ಕಮ್ಮಾರನಿಲ್ಲದ ಊರುಂಟೇ? ಇನ್ನೊಂದು ಸೂಕ್ಷ್ಮವನ್ನೂ ಮರೆಯಲಾಗದು. ಒಂದು ಹೆಸರಿಗೆ ಮೊದಲು ನಾಲ್ವರು ಮೂಲಪುರುಷರಿದ್ದು, ಮೂವರ ವಂಶಗಳು ಗಂಡುಮಕ್ಕಳಿಲ್ಲದೆ ನಿಂತುಹೋದರೆ, ಇಂದು ನೋಡುವವರಿಗೆ ಮೂಲಪುರುಷನು ಒಬ್ಬನೇ ಎಂದು ತೋರುತ್ತದೆ.

ಇದೇ ಲೆಸ್ಟರ್ ನಗರದಲ್ಲಿ 2012ರಲ್ಲಿ, ವಾಹನ ನಿಲ್ದಾಣವೊಂದರ ನೆಲವನ್ನು ಅಗೆದಾಗ ಅಸ್ಥಿಪಂಜರವೊಂದು ದೊರೆಯಿತು. ಅದು 1485ರಲ್ಲಿ ಬಾಸ್ವರ್ತ್ ಯುದ್ಧದಲ್ಲಿ ಮಡಿದ ಮೂರನೆಯ ರಿಚರ್ಡ್ ದೊರೆಯದೇ? ತಾಯಿಯಿಂದಲೇ ಮಕ್ಕಳಿಗೆ ಬರುವ, ಹೆಣ್ಣುಮಕ್ಕಳ ಮೂಲಕವೇ ಮುಂದುವರಿಯುವ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಮೊದಲು ನೋಡಿದರು. ದೊರೆಯ ಅಕ್ಕ ಆ್ಯನ್ನಳಿಂದ ಹೆಣ್ಣುಸಂತತಿಯಲ್ಲಿ ಇಳಿದುಬಂದ, ಇಂದಿನ ಕಾಲದ ಇಬ್ಬರೊಡನೆ ಅದು ತಾಳೆಯಾಯಿತು. ಬಳಿಕ ವೈ ವರ್ಣತಂತುವನ್ನು ನೋಡಿದರು. ರಿಚರ್ಡನ ಪೂರ್ವಜನಾದ ಮೂರನೆಯ ಎಡ್ವರ್ಡನಿಂದಲೇ ಗಂಡುಸಂತತಿಯಲ್ಲಿ ಬಂದವರೆಂದು ವಂಶಾವಳಿ ಹೇಳುವ ಐವರಲ್ಲಿ ಒಬ್ಬನದೂ ತಾಳೆಯಾಗಲಿಲ್ಲ! ಆ ಐವರಲ್ಲಿಯೂ ಒಬ್ಬನು ಉಳಿದ ನಾಲ್ವರಿಂದ ಭಿನ್ನನಾಗಿದ್ದನು. ಅಸ್ಥಿಗಳ ವಯಸ್ಸು, ಗಾಯಗಳು, ಡೊಂಕಾದ ಬೆನ್ನೆಲುಬು, ಮಾತೃಪರಂಪರೆಯ ಸಾಕ್ಷ್ಯ, ಇವೆಲ್ಲವನ್ನೂ ಕೂಡಿಸಿ ನೋಡಿ, ಅದು ರಿಚರ್ಡನದೇ ಎಂದು 2014ರಲ್ಲಿ ವಿದ್ವಾಂಸರು ನಿರ್ಣಯಿಸಿದರು. ಪಿತೃಪರಂಪರೆ ಎಲ್ಲಿಯೋ ಕಡಿದಿರಬೇಕೆಂದೂ ಹೇಳಿದರು. ಯಾವ ತಲೆಮಾರಿನಲ್ಲೆಂಬುದನ್ನು ಈ ಪರೀಕ್ಷೆ ತಿಳಿಸಲಾರದು. ಕಿರೀಟಕ್ಕಾಗಿ ವಂಶಾವಳಿಯನ್ನು ಮುಂದೊಡ್ಡಿ ರಕ್ತ ಹರಿಸಿದ ಮನೆತನಗಳಲ್ಲಿಯೂ ಹೀಗಾದ ಮೇಲೆ, ಕುಲದ ಶುದ್ಧಿಯನ್ನು ಕುರಿತ ಹೆಮ್ಮೆಗೆ ಎಷ್ಟು ಬೆಲೆ ಕಟ್ಟಬೇಕೋ ಓದುಗರೇ ಯೋಚಿಸಲಿ.

ಇಂದು ಹಲವು ದೇಶಗಳಲ್ಲಿ ಈ ಪರೀಕ್ಷೆ ಹಣಕ್ಕೆ ದೊರೆಯುತ್ತದೆ. ಕುತೂಹಲಕ್ಕೆಂದು ಮಾಡಿಸಿಕೊಂಡವರು, ತಂದೆಯೆಂದು ನಂಬಿದವರು ಹೆತ್ತ ತಂದೆಯಲ್ಲವೆಂದು ಅರಿತು ದಿಗ್ಭ್ರಮೆಗೊಂಡುದೂ ಉಂಟು. ಒಬ್ಬನ ಪರೀಕ್ಷೆಯು, ಕೇಳದೆಯೇ, ಅವನ ಅಣ್ಣತಮ್ಮಂದಿರ ಗುಟ್ಟನ್ನೂ ಬಯಲುಮಾಡಬಲ್ಲುದು. ವೈ ವರ್ಣತಂತು ಹೇಳುವುದಾದರೂ ಎಷ್ಟನ್ನು? ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಮ್ಮ ವಂಶವೃಕ್ಷದಲ್ಲಿ 1024 ಪೂರ್ವಜರ ಸ್ಥಾನಗಳಿವೆ. ಅದು ತೋರಿಸುವುದು ಅವುಗಳಲ್ಲಿ ಒಂದನ್ನು ಮಾತ್ರ. ಇನ್ನು, ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನಷ್ಟೇ ಹೆಸರಿನ ಹಿಂದೆ ಇಟ್ಟುಕೊಳ್ಳುವ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ತಂದೆಯ ಅಕ್ಷರ ತಲೆಮಾರಿಗೊಮ್ಮೆ ಬದಲಾಗುತ್ತದೆ. ಅಲ್ಲಿ ವೈ ವರ್ಣತಂತುವಿಗೆ ಜೊತೆಯಾಗಿ ನಡೆದುಬರುವ ಹೆಸರೇ ಇಲ್ಲ.